ಗಾಜು ನೆಕ್ಕಬಾರದ ಬಗ್ಗೆ ಹಾಗೂ ಕಾಲೊರಸಿನ ಮೇಲೆ ಕಾಲಿಡಲೇಬೇಕಾದ ಬಗ್ಗೆ

ಪೆತಿ-ಆವ್ರ್ ಪುರಸಭೆ, ನ್ಯೂ ಬ್ರನ್ಸ್‌ವಿಕ್
ಪೇಟೆಬೀದಿ ಶಿಸ್ತು ಮತ್ತು ಅಂಗಡಿ ಮುಂಗಟ್ಟು ಇಲಾಖೆ

ಸಂಖ್ಯೆ: ಪೇಶಿಇ/ಗಾಜು/ನಾಲಿಗೆ/ಕಾಲು/04/2021
ದಿನಾಂಕ: 12-02-2021

ಸುತ್ತೋಲೆ

ವಿಷಯ: ಮುಚ್ಚಿದ ಅಂಗಡಿಗಳ ಗಾಜಿನ ಕಿಟಕಿಗಳಲ್ಲಿ ಕಲಾಕೃತಿ ಇಡುವುದು, ಇಟ್ಟ ಕಲಾಕೃತಿಯನ್ನು ನೋಡುವುದು, ನೋಡುವ ನೆಪದಲ್ಲಿ ಗಾಜು ನೆಕ್ಕುವುದು, ಹಾಗೂ ಈ ಕಚೇರಿಯ ಮುಖ್ಯದ್ವಾರದ ಕಾಲೊರಸನ್ನು ಸಿಬ್ಬಂದಿ ಬಳಸದೆ ಇರುವುದು – ಇವುಗಳ ಕುರಿತು.

ಉಲ್ಲೇಖ:
1. ಸುತ್ತೋಲೆ ಸಂಖ್ಯೆ 01 (ಗಾಜು ನೋಡಿರಿ).
2. ಸುತ್ತೋಲೆ ಸಂಖ್ಯೆ 02 (ಗಾಜು ನೆಕ್ಕಬೇಡಿರಿ).
3. ಸುತ್ತೋಲೆ ಸಂಖ್ಯೆ 03 (ಗಾಜು ನೋಡಲೂಬೇಡಿರಿ).
4. ಶ್ರೀಮತಿ ಒಡೀಲ್ ಗೊಗೆನ್ ಅವರ ಬಾಯಿಮಾತು, ಪದೇ ಪದೇ.

ಪ್ರಸ್ತಾವನೆ

ಸಾಂಕ್ರಾಮಿಕದ ಕಾರಣ ಪೇಟೆಬೀದಿಯ ಅಂಗಡಿಗಳೆಲ್ಲ ಮುಚ್ಚಿ, ಜನರು ಮನೆಯೊಳಗೇ ಕುಳಿತು, ಒಬ್ಬರ ಮುಖ ಒಬ್ಬರು ಕಾಣದೆ ಬೇಸತ್ತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಬೇಸರವು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಆದಾಗ್ಯೂ, ಖಾಲಿ ಬಿದ್ದ ಅಂಗಡಿ ಕಿಟಕಿಗಳಲ್ಲಿ ಊರಿನ ಕಲಾವಿದರು ತಮ್ಮ ಕೆಲಸ ಇಡಲಿ, ಜನ ದೂರ ದೂರ ನಿಂತು ನೋಡಿಕೊಂಡು ಹೋಗಲಿ ಎಂದು ಯಾರೋ ಒಬ್ಬ ಸದಸ್ಯರು ಸಭೆ ಮುಗಿದು ಎಲ್ಲರೂ ಕೋಟು ತೊಡುತ್ತಿದ್ದಾಗ ಹೇಳಿದರು. ಬೇಡವೆನ್ನಲು ಯಾರೂ ಕೋಟು ಬಿಚ್ಚದ ಕಾರಣ ಆ ಸಲಹೆಯು ಅಂಗೀಕಾರವಾಯಿತು.

ಈ ಊರಿಗೆ ಎರಡು ನಾಲಿಗೆ, ಫ್ರೆಂಚ್ ಒಂದು, ಇಂಗ್ಲಿಷ್ ಒಂದು. ಇಲಾಖೆಗೆ ಮಾತ್ರ ಒಂದೇ, ಇಂಗ್ಲಿಷ್. ಸದರಿ ಸಲಹೆಯ ಪ್ರಕಟಣೆಯು ಫ್ರೆಂಚಿನಲ್ಲಿ ಸಿದ್ಧವಾಗಿ ಸಹಿಗೆ ಬಂದು, ಯಾರೂ ಓದದೆಯೇ ಸುತ್ತೋಲೆ ಸಂಖ್ಯೆ 01 ಆಗಿ ಹೊರಟುಹೋಯಿತು. ಹೊರಟ ಮೇಲೆ ನಿರ್ದೇಶಕರಾದ ಶ್ರೀ ಮರ್ವಿನ್ ಟ್ವೀಡೀ ಅವರು ನಿಘಂಟು ಹಿಡಿದು ಓದಲು ಕುಳಿತರು. ಮಾನ್ಯರು ಈ ಊರಿಗೆ ಬಂದಂದಿನಿಂದ ಫ್ರೆಂಚ್ ಕಲಿಯುತ್ತಿದ್ದು, ಫ್ರೆಂಚ್ ಇನ್ನೂ ಬಂದಿರುವುದಿಲ್ಲ. ಏನನ್ನೂ ಕೊಳ್ಳದೆ ಅಂಗಡಿ ಕಿಟಕಿ ನೋಡುತ್ತಾ ಸುಮ್ಮನೆ ಅಡ್ಡಾಡುವುದಕ್ಕೆ ಫ್ರೆಂಚರು ತಮ್ಮ ಮಾತಿನಲ್ಲಿ 'ಗಾಜು ನೆಕ್ಕುವುದು' ಎನ್ನುತ್ತಾರೆ. ನಿಘಂಟು ನೆಕ್ಕುವುದನ್ನು ಹೇಳಿತು, ಅಡ್ಡಾಡುವುದನ್ನು ಹೇಳಲಿಲ್ಲ. ಹೀಗಾಗಿ, ಸಾಂಕ್ರಾಮಿಕದ ನಡುವೆ ತಮ್ಮದೇ ಸಹಿಯಡಿ 'ಸಂಸಾರ ಸಮೇತ ಬಂದು ಪೇಟೆಯ ಗಾಜುಗಳನ್ನು ನೆಕ್ಕಿ ಆನಂದಿಸಿರಿ' ಎಂದು ಊರಿಗೆಲ್ಲ ಕರೆ ಹೋಗಿದೆಯೆಂದು ತಿಳಿದು ನಿರ್ದೇಶಕರು ಬೆವರಿ, ಅಂದು ಸಂಜೆಯೊಳಗೇ ಸುತ್ತೋಲೆ ಸಂಖ್ಯೆ 02 ಹೊರಡಿಸಿದರು. ಗಾಜು ನೆಕ್ಕುವುದನ್ನು ಅದರಲ್ಲಿ ಸಂಪೂರ್ಣವಾಗಿ ನಿಷೇಧಿಸಲಾಯಿತು.

ಫ್ರೆಂಚ್ ಬಲ್ಲವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಬರೀ ಮಾತಿನ ರೂಢಿ, ಯಾರೂ ಏನನ್ನೂ ನೆಕ್ಕುತ್ತಿಲ್ಲ ಎಂದು ಪಾದ್ರಿಗಳು ಖುದ್ದಾಗಿ ಬಂದು ಬಿಡಿಸಿ ಹೇಳಿದರು. ಆದೇಶ ಹೊರಬಿದ್ದ ಮೇಲೆ ಅರ್ಥ ತಿಳಿದು ಪ್ರಯೋಜನವಿಲ್ಲ. ನಿಷೇಧ ಇದ್ದಮೇಲೆ ಉಲ್ಲಂಘನೆ ಇರಲೇಬೇಕು, ಉಲ್ಲಂಘನೆ ಇದ್ದಮೇಲೆ ಹಿಡಿಯುವವರೊಬ್ಬರು ಬೇಕು ಎಂಬ ತತ್ವದಂತೆ, ಕಾರು ನಿಲುಗಡೆ ನೋಡಿಕೊಳ್ಳುತ್ತಿದ್ದ ಶ್ರೀ ಕ್ಲೋವಿಸ್ ಲಾಂತೇನ್ ಅವರನ್ನು 'ಗಾಜು ಪರಿವೀಕ್ಷಕ' ಎಂದು ಮರುನೇಮಿಸಿ, ಒಂದು ಟಾರ್ಚನ್ನೂ ಒಂದು ಬಿಳಿ ಬಟ್ಟೆಯನ್ನೂ ಒದಗಿಸಲಾಯಿತು. ಪರಿವೀಕ್ಷಕರು ದಿನಾ ಬೆಳಿಗ್ಗೆ ಪ್ರತಿ ಕಿಟಕಿಯ ಮೇಲೂ ಬೆರಳಾಡಿಸಿ ಜೊಲ್ಲು ಇದೆಯೇ ಎಂದು ವರದಿ ಮಾಡತಕ್ಕದ್ದಾಗಿತ್ತು. ಅವರ ಮೊದಲ ವರದಿ ಹೀಗಿರುತ್ತದೆ: "ಸಾರ್, ಹೊರಗೆ ಚಳಿ ಹೇಗಿದೆ ಗೊತ್ತಾ? ಯಾರಾದ್ರೂ ನಾಲಿಗೆ ಇಟ್ರೆ ಅಲ್ಲೇ ಅಂಟ್ಕೊಂಡಿರ್ತಾರೆ. ನಾನು ಹುಡುಕೋದೇ ಬೇಡ."

ಮೇಲ್ಕಂಡ ಹಿನ್ನೆಲೆಯಲ್ಲಿ, ಹಾಗೂ ಮುಂದೆ ವಿವರಿಸಿದ ಕಾರಣಗಳಿಂದ, ಈ ಮೂಲಕ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಗಾಜು ನೆಕ್ಕುವುದು ಇಂದಿಗೂ ನಿಷಿದ್ಧ.

2. ಸದರಿ ನಿಷೇಧದ ಮೊದಲ ಸಾಬೀತಾದ ಪ್ರಕರಣವು ಚರ್ಚಿನ ಮೂಲೆಯಲ್ಲಿರುವ ಶ್ರೀಮತಿ ಒಡೀಲ್ ಗೊಗೆನ್ ಅವರ ಉಣ್ಣೆ ಅಂಗಡಿಯ ಕಿಟಕಿಯಲ್ಲಿ ನಡೆದಿರುತ್ತದೆ. ಸದರಿಯವರ ಪತಿ, ಈ ಪುರಸಭೆಯ ನಿವೃತ್ತ ನೌಕರ ದಿವಂಗತ ಆಲ್ಫೇ ಗೊಗೆನ್, ಕ್ರಿಸ್‌ಮಸ್ ಕಳೆದ ವಾರ ಎದೆನೋವಿನಿಂದ ತೀರಿಕೊಂಡರು. ಈ ಊರಿನಲ್ಲಿ ಒಬ್ಬರು ಸತ್ತರೆ ಊರೆಲ್ಲ ಅವರ ಮನೆಗೆ ಬಂದು, ಹೆಣದ ಸುತ್ತ ಕುಳಿತು, ತಿಂದು, ಕುಡಿದು, ಸತ್ತವರ ಕಿತಾಪತಿಗಳನ್ನೆಲ್ಲ ಹೇಳಿ ನಕ್ಕು, ಅತ್ತು ಹೋಗುವ ವಾಡಿಕೆಯಿದ್ದು, ಗುಂಪು ಸೇರಬಾರದೆಂಬ ನಿಯಮದಿಂದಾಗಿ ಅದು ನಡೆಯಲಿಲ್ಲ. ಚರ್ಚಿನಲ್ಲಿ ಹೆಂಡತಿ, ಅಕ್ಕ, ಪಾದ್ರಿ ಇಷ್ಟೇ ಜನ ಇದ್ದರು. ನೆಲ ಹೆಪ್ಪುಗಟ್ಟಿರುವುದರಿಂದ ಶವವನ್ನು ಇನ್ನೂ ಮಣ್ಣಿಗಿಟ್ಟಿರುವುದಿಲ್ಲ. ವಸಂತದಲ್ಲಿ ನೆಲ ಕರಗಿದ ಮೇಲೆ ಇಡಲಾಗುವುದು. ಇದರಲ್ಲಿ ಇಲಾಖೆಯ ತಪ್ಪು ಏನೂ ಇರುವುದಿಲ್ಲ.

ತರುವಾಯ ಶ್ರೀಮತಿಯವರು ಗೋಣಿಬಟ್ಟೆಯೊಂದನ್ನು ಚೌಕಟ್ಟಿಗೆ ಬಿಗಿದು, ಗಂಡನ ಹಳೆಯ ಬಟ್ಟೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಕೊಕ್ಕೆಯಿಂದ ಎಳೆದೆಳೆದು, ಗಂಡನ ಮುಖವಿರುವ ಒಂದು ಹಾಸನ್ನು ಮಾಡಿ ಕಿಟಕಿಯಲ್ಲಿ ತೂಗುಹಾಕಿದರು. ಪರಿವೀಕ್ಷಕರ ಮುಂದೆ ಅವರು ನುಡಿದ ಮಾತುಗಳನ್ನು ಇದ್ದಂತೆಯೇ ಬರೆದುಕೊಳ್ಳಲಾಗಿದೆ: "ಮೀಸೆ ಅವನ ಬೂದು ಸಾಕ್ಸಿಂದು. ಕೆನ್ನೆ ನನ್ನ ಹಳೇ ಲಂಗದ್ದು, ಅಷ್ಟು ಕೆಂಪು ಬಟ್ಟೆ ಅವನ ಹತ್ರ ಇರ್ಲಿಲ್ಲ. ಮೂವತ್ತು ಚಳಿಗಾಲ ಈ ಊರಿನ ಹಿಮ ತಳ್ಳೋ ಲಾರಿ ಓಡಿಸ್ದ. ನೀವೆಲ್ಲ ಬೆಳಗ್ಗೆ ಎದ್ದು ಬಾಗಿಲು ತೆಗೆಯೋದ್ರೊಳಗೆ ದಾರಿ ಆಗಿರ್ತಿತ್ತು. ಅಂಥೋನನ್ನ ಬೀಳ್ಕೊಡೋಕೆ ಮೂರೇ ಜನ! ಊರೋರೆಲ್ಲ ಒಂದ್ಸಲ ಅವನ ಮುಖ ನೋಡ್ಲಿ ಕ್ಲೋವಿಸ್. ಎಲ್ಲರೂ, ಒಬ್ಬೊಬ್ಬರಾಗಿ. ನಂಗೆ ಇನ್ನೇನೂ ಬೇಡ."

3. ಜನರು ಒಬ್ಬೊಬ್ಬರಾಗಿಯೇ ಬಂದಿರುತ್ತಾರೆ. ಕಿಟಕಿಯ ಮುಂದೆ ಟೋಪಿ ತೆಗೆದಿರುತ್ತಾರೆ. ಹಾಸಿನೊಂದಿಗೆ ಮಾತಾಡಿರುತ್ತಾರೆ, ಕೆಲವರು ಜಗಳವನ್ನೂ ಆಡಿರುತ್ತಾರೆ. ಮೃತರ ಅಕ್ಕ, ವಯೋವೃದ್ಧೆ ಕುಮಾರಿ ಯೂಫೇಮಿ ಗೊಗೆನ್ ಅವರು ಮಾಸ್ಕು ಸರಿಸಿ ಗಾಜಿಗೆ ಬಾಯಿ ಹಚ್ಚಿದ್ದನ್ನು ಪರಿವೀಕ್ಷಕರು ಕಣ್ಣಾರೆ ಕಂಡಿದ್ದು, ನಾಲಿಗೆ ಹೊರಬಂದಿತ್ತೇ ಇಲ್ಲವೇ ಎಂಬುದು ಖಚಿತವಾಗಿರುವುದಿಲ್ಲ. ವಿವರಣೆ ಕೇಳಲಾಗಿ, "ತಮ್ಮನಿಗೆ ಮುತ್ತು ಕೊಟ್ಟೆ ಕಣಯ್ಯಾ. ಏನ್ ಮಾಡ್ತೀಯ, ಜೈಲಿಗೆ ಹಾಕ್ತೀಯ? ಹಾಕು. ಅಲ್ಲಾದ್ರೂ ಮಾತಾಡೋಕೆ ಯಾರಾದ್ರೂ ಸಿಕ್ತಾರೆ" ಎಂದಿರುತ್ತಾರೆ. ಮುತ್ತು ಮತ್ತು ನೆಕ್ಕುವಿಕೆಯ ನಡುವಿನ ವ್ಯತ್ಯಾಸ ಇಲಾಖೆಯ ಕೈಪಿಡಿಯಲ್ಲಿ ಇಲ್ಲದಿರುವುದರಿಂದ, ಸದರಿ ಮುತ್ತನ್ನು ನೆಕ್ಕುವಿಕೆಯೆಂದೇ ದಾಖಲಿಸಲಾಗಿದೆ.

4. ನೋಡಲು ಬಿಟ್ಟರೆ ನೆಕ್ಕುತ್ತಾರೆ ಎಂಬುದು ಹೀಗೆ ರುಜುವಾತಾದ್ದರಿಂದ ಸುತ್ತೋಲೆ ಸಂಖ್ಯೆ 03ನ್ನು ಹೊರಡಿಸಿ, ಕಿಟಕಿಗಳಲ್ಲಿ ಅಗತ್ಯ ವಸ್ತುಗಳು ಮಾತ್ರ ಕಾಣುವಂತಿರತಕ್ಕದ್ದು, ಕಲೆಯನ್ನು ಕಂದು ಕಾಗದದಿಂದ ಮುಚ್ಚತಕ್ಕದ್ದು ಎಂದು ಆದೇಶಿಸಲಾಯಿತು. ಅಗತ್ಯ ವಸ್ತುಗಳೆಂದರೆ ಹಿಮದ ಸಲಿಕೆ, ಉಪ್ಪು, ಬ್ಯಾಟರಿ, ಕಾಲೊರಸು ಇತ್ಯಾದಿ. ಬುದ್ಧಿವಂತಿಕೆ ತೋರಿಸುವವರು ಈ ಊರಿನಲ್ಲಿ ಕಡಿಮೆಯಿಲ್ಲದ ಕಾರಣ ಈ ಕೆಳಗಿನ ಸ್ಪಷ್ಟೀಕರಣಗಳನ್ನು ನೀಡಬೇಕಾಗಿ ಬಂದಿದೆ:

(ಅ) ಸಲಿಕೆಯ ಚಿತ್ರವು ಸಲಿಕೆಯಲ್ಲ.

(ಆ) ಚಿತ್ರಕ್ಕೆ ಸಲಿಕೆ ಒರಗಿಸಿಟ್ಟರೆ ಸಲಿಕೆ ಮಾತ್ರ ನೋಡತಕ್ಕದ್ದು.

(ಇ) ಸಲಿಕೆಗಳನ್ನು ಅಂದವಾಗಿ ಜೋಡಿಸುವುದೂ ಕಲೆಯೇ. ಅಡ್ಡಾದಿಡ್ಡಿ ಇಡತಕ್ಕದ್ದು. ಅಡ್ಡಾದಿಡ್ಡಿ ಇಟ್ಟದ್ದೂ ಚಂದ ಕಂಡರೆ ಪರಿವೀಕ್ಷಕರಿಗೆ ತಿಳಿಸತಕ್ಕದ್ದು, ಅವರು ಬಂದು ಕೆಡಿಸುತ್ತಾರೆ.

(ಈ) ಮುಚ್ಚಿದ ಕಂದು ಕಾಗದದ ಮೇಲೆ ಚಿತ್ರ ಬರೆದವರು ಯಾರೆಂದು ಇಲಾಖೆಗೆ ಗೊತ್ತಿದೆ. ಅದರಲ್ಲಿ ನಾಲಿಗೆ ಚಾಚಿ ನಿಂತಿರುವ ವ್ಯಕ್ತಿಯು ನಿರ್ದೇಶಕರನ್ನು ಹೋಲುವುದಿಲ್ಲ.

ಇಲಾಖೆಗೆ ಬೇರೆ ಕೆಲಸವಿಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ.

5. ಶ್ರೀಮತಿ ಒಡೀಲ್ ಅವರ ಹಾಸಿನ ಮುಂದೆ ಕಾಗದ ಹಚ್ಚಲು ಹೋದ ಪರಿವೀಕ್ಷಕರು, ಕರ್ತವ್ಯ ಮರೆತು, ಬಾಗಿಲ ಸಂದಿಯಿಂದ, "ಒಡೀಲಮ್ಮ, ಕಲೆ ಅನ್ಬೇಡಿ. ನಮ್ಮೂರಲ್ಲಿ ಇಂಥ ಹಾಸನ್ನ ಬಾಗಿಲ ಹತ್ರ ಹಾಕ್ತೀವಲ್ಲ, ಕಾಲೊರಸು ಅಂದ್ಬಿಡಿ. ಅಗತ್ಯ ವಸ್ತು ಆಗುತ್ತೆ, ಬದುಕಿಕೊಳ್ಳುತ್ತೆ" ಎಂದು ಕಿವಿಮಾತು ಹೇಳಿರುತ್ತಾರೆ. ಶ್ರೀಮತಿಯವರ ಹಾಸುಗಳನ್ನು ದೂರದೂರಿನ ಶ್ರೀಮಂತರು ಗೋಡೆಗೆ ತೂಗುಹಾಕಿಕೊಂಡಿರುತ್ತಾರೆಂದೂ, ಕಾಲೊರಸು ಎಂದ ಗಿರಾಕಿಯೊಬ್ಬನನ್ನು ಅವರು ಒಮ್ಮೆ ಪೊರಕೆ ಹಿಡಿದು ಬೀದಿಯವರೆಗೂ ಅಟ್ಟಿರುತ್ತಾರೆಂದೂ ತಿಳಿದುಬಂದಿದೆ. ಕೊನೆಗೆ ಅವರು ಹೇಳಿದ್ದು: "ಆಯ್ತು ಬರ್ಕೋ. ಕಾಲೊರಸು. ಅವನು ನೋಡಿದ್ರೆ ನಗ್ತಿದ್ದ. ನಂಗೇನೂ ನಗು ಬರ್ತಿಲ್ಲ."

6. ನಿರ್ದೇಶಕರು ಇದನ್ನು ನಂಬದೆ ಸ್ಥಳ ತನಿಖೆಗೆ ಖುದ್ದಾಗಿ ಹೋದರು. ಕಾಲೊರಸು ಎಂದಮೇಲೆ ಅದು ನೆಲದ ಮೇಲಿರಬೇಕು, ಅದರ ಮೇಲೆ ಕಾಲಿರಬೇಕು ಎಂಬುದು ಮಾನ್ಯರ ವಾದ. ಹಾಸನ್ನು ಇಳಿಸಿ ಹಾಸಲಾಯಿತು. ಅಂಗಡಿಯೊಡತಿ ಅದರ ಮೇಲೆ ಬೂಟು ಒರಸಿ ತೋರಿಸತಕ್ಕದ್ದೆಂದು ಸೂಚಿಸಲಾಯಿತು. ಆಗ ಸದರಿಯವರು ಕೈಕಟ್ಟಿ ನಿಂತು ಹೀಗೆಂದರು: "ಮೊದಲು ನೀವೇ ಒರಸಿ ಸ್ವಾಮಿ. ಒರಸಿ, ನಾಚ್ಕೋಬೇಡಿ. ಆ ದೊಡ್ಡ ಬಿರುಗಾಳಿ ದಿನ ನಿಮ್ಮ ಕಾರು ಸೇತುವೆ ಹತ್ರ ಹೂತು ಹೋಗಿತ್ತಲ್ಲ, ನಿಮ್ಮನ್ನ ಎಳ್ಕೊಂಡು ಬಂದು ನನ್ನ ಒಲೆ ಮುಂದೆ ಕೂರಿಸ್ದೋನು ಇವನೇ. ಇದೇ ಕಾಲಿಗೆ ಉಣ್ಣೆ ಸುತ್ತಿ ತಿಕ್ಕಿದ್ದೋನೂ ಇವನೇ. ಎರಡು ಬಟ್ಟಲು ಫ್ರಿಕೋ ಸಾರು ಕುಡಿದು, ಕೋಳಿ ತುಂಡು ಕಡಿಮೆ ಅಂದ್ರಿ. ಇಡಿ ಕಾಲು."

ನಿರ್ದೇಶಕರು ಕಾಲು ಎತ್ತಿದರು. ಎತ್ತಿದ ಕಾಲನ್ನು ಆಡಳಿತಾತ್ಮಕ ಕಾರಣಗಳಿಂದ ಹಿಂತೆಗೆದುಕೊಳ್ಳಲಾಯಿತು.

7. ಆದರೆ ಕಾಲೊರಸು ಎಂದು ಘೋಷಿಸಿದ ವಸ್ತುವನ್ನು ತುರ್ತು ಪರಿಸ್ಥಿತಿಯಲ್ಲಿ ಕಾಲಿಗೆ ಒದಗಿಸದೆ ಗಾಜಿನ ಹಿಂದೆ ಕೂಡಿಟ್ಟುಕೊಳ್ಳುವುದು ಅಗತ್ಯ ವಸ್ತುಗಳ ಅಕ್ರಮ ದಾಸ್ತಾನಾಗುತ್ತದೆ. ಆದುದರಿಂದ ಸದರಿ ವಸ್ತುವನ್ನು ಸಾರ್ವಜನಿಕ ಉಪಯೋಗಕ್ಕಾಗಿ ವಶಪಡಿಸಿಕೊಂಡು, ಈ ಕಚೇರಿಯ ಮುಖ್ಯದ್ವಾರದ ಹೊಸ್ತಿಲಿನ ಮುಂದೆ ಹಾಸಲಾಯಿತು. ವಶಪಡಿಸಿಕೊಳ್ಳುವಾಗ ಶ್ರೀಮತಿಯವರು ಹಾಸಿನ ಒಂದು ಅಂಚು ಹಿಡಿದುಕೊಂಡು, "ಬೇಡ ಕ್ಲೋವಿಸ್, ಇನ್ನೂ ಎಷ್ಟೋ ಜನ ಬಂದಿಲ್ಲ ಕಣೋ, ಬೇಡ" ಎಂದು ಅತ್ತಿರುತ್ತಾರೆ. ಅಳುವುದಕ್ಕೆ ಪೂರ್ವಾನುಮತಿ ಅಗತ್ಯವಿರುವುದಿಲ್ಲ. ಪರಿವೀಕ್ಷಕರೂ ಅತ್ತಿದ್ದು ಶಿಸ್ತಿನ ಉಲ್ಲಂಘನೆಯಾಗಿದ್ದು, ಕಾರಣ ಕೇಳಿ ನೋಟಿಸು ನೀಡಲಾಗಿದೆ. ಕಾರಣ ಎಲ್ಲರಿಗೂ ಗೊತ್ತಿರುವುದಾಗಿ ಅವರು ಉತ್ತರಿಸಿರುತ್ತಾರೆ.

8. ಅಂದಿನಿಂದ ಈ ಕಚೇರಿಯಲ್ಲಿ ಉಂಟಾಗಿರುವ ಪರಿಸ್ಥಿತಿಯನ್ನು ಇಲಾಖೆಯು ತೀವ್ರ ಅಸಮಾಧಾನದಿಂದ ಗಮನಿಸಿದೆ. ಸಿಬ್ಬಂದಿಯಲ್ಲಿ ಒಬ್ಬರೂ ಮುಖ್ಯದ್ವಾರದಿಂದ ಒಳಗೆ ಬರುತ್ತಿಲ್ಲ. ಹಿಂಬಾಗಿಲಿಗೆ ಹಿಮ ರಾಶಿ ಬಿದ್ದಿದ್ದು, ಅದನ್ನು ಬಗೆಯಲು, ಮೃತರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಇಲಾಖೆ ಇನ್ನೂ ಯಾರನ್ನೂ ನೇಮಿಸಿಲ್ಲದ ಕಾರಣ, ಎಲ್ಲರೂ ಅಡುಗೆಕೋಣೆಯ ಕಿಟಕಿ ಹತ್ತಿ ಬರುತ್ತಿದ್ದಾರೆ. ಲೆಕ್ಕಪತ್ರ ಶಾಖೆಯ ಮೇಲ್ವಿಚಾರಕಿಯವರು ಸೊಂಟದವರೆಗೆ ಒಳಗೆ, ಉಳಿದದ್ದು ಹೊರಗೆ ಸಿಕ್ಕಿಕೊಂಡು, ಆ ಸ್ಥಿತಿಯಲ್ಲೇ ಹಾಜರಿ ಹಾಕಬೇಕಾಯಿತು. ಏಕೆ ಹೀಗೆ ಎಂದು ಕೇಳಿದ್ದಕ್ಕೆ ಅವರು, "ಅವನ ಮುಖ ತುಳಿದು ಸಂಬಳ ತಗೋಬೇಕಾ? ನೀವು ತುಳಿದು ಬನ್ನಿ, ಆಮೇಲೆ ನನ್ನ ಸೊಂಟದ ಮಾತು ಆಡೋಣ" ಎಂದಿರುತ್ತಾರೆ. ನಿರ್ದೇಶಕರೂ ಸದ್ಯ ಕಿಟಕಿಯಿಂದಲೇ ಬರುತ್ತಿರುವುದು ಬೆನ್ನಿಗೆ ವ್ಯಾಯಾಮವಾಗಲೆಂದು. ಮಾನ್ಯರು ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ನಿಂತು "ಕ್ಷಮಿಸು ಆಲ್ಫೇ" ಎಂದರೆಂಬ ವದಂತಿಗೆ ಯಾವುದೇ ಆಧಾರವಿರುವುದಿಲ್ಲ. ಅವರು ಅದನ್ನು ಫ್ರೆಂಚಿನಲ್ಲಿ ಹೇಳಿದರೆಂಬುದಂತೂ ಶುದ್ಧ ಸುಳ್ಳು.

9. ಇತ್ತ ಸಾರ್ವಜನಿಕರು. ಚರ್ಚಿನ ಮೂಲೆಯವರೆಗೆ ನಡೆಯಲಾಗದ ಮುದುಕರೂ ಈಗ ಕಚೇರಿಯ ಮುಂದೆಯೇ ಕಾರು ನಿಲ್ಲಿಸಿ, ಕೈಹಿಡಿಸಿಕೊಂಡು ಬರುತ್ತಿದ್ದಾರೆ. ಪೇಟೆಗೆ ಕಾಲಿಡದ, ಏಡಿ ಹಿಡಿಯುವ ದೋಣಿಯವರೂ ಬಂದಿರುತ್ತಾರೆ. ಸರಕಾರಿ ಕಚೇರಿಗೆ ಬರುವುದನ್ನು ತಡೆಯಲು ಯಾವ ನಿಯಮದಲ್ಲೂ ಅವಕಾಶವಿಲ್ಲ ಎಂಬುದನ್ನು ಇಲಾಖೆಯು ತಡವಾಗಿ ಕಂಡುಕೊಂಡಿದೆ. ಬಂದವರು ಮೆಟ್ಟಿಲ ಹಿಮ ತಾವೇ ಬಗೆದು, ಅಂತರ ಕಾಯ್ದುಕೊಂಡು ಸಾಲಾಗಿ ನಿಂತು, ಸತ್ತವರ ಕಿತಾಪತಿಗಳನ್ನು ಒಬ್ಬರಿಗೊಬ್ಬರು ಕೇಳುವಂತೆ ಕೂಗಿ ಹೇಳಿ, ಬಿದ್ದು ಬಿದ್ದು ನಗುತ್ತಿರುವುದರಿಂದ ಕಚೇರಿಯೊಳಗೆ ಕೆಲಸ ಕುಂಠಿತವಾಗಿದೆ. ನಿನ್ನೆ ಒಬ್ಬ ದೋಣಿಯವರು, "ಆಲ್ಫೇ, ನನ್ನ ಬೇಲಿ ಮುರಿದದ್ದು ನಿನ್ನ ಲಾರಿಯೇ ಅಂತ ನಂಗೆ ಗೊತ್ತಿತ್ತು ಕಣೋ! ಹೇಳಿದ್ರೆ ಎಲ್ಲಿ ಬರೋದು ಬಿಟ್ಬಿಡ್ತೀಯೋ ಅಂತ ಬಾಯಿ ಮುಚ್ಕೊಂಡಿದ್ದೆ" ಎಂದು ಕೂಗಿ, ಅಲ್ಲೇ ಮಂಡಿಯೂರಿ ಅತ್ತರು. ಒಳಗಿದ್ದ ಟೈಪಿಸ್ಟರೂ ಅತ್ತ ಕಾರಣ ಈ ಸುತ್ತೋಲೆಯ ಮೂರನೇ ಪುಟವನ್ನು ಮತ್ತೆ ಟೈಪಿಸಬೇಕಾಯಿತು.

10. ಹಾಸನ್ನು ಹಿಂದಕ್ಕೆ ತೆಗೆದುಕೊಂಡು ಹೋಗುವಂತೆ ಶ್ರೀಮತಿ ಒಡೀಲ್ ಅವರಿಗೆ ಸೌಜನ್ಯದಿಂದ ತಿಳಿಸಲಾಗಿ, ಅವರು ಕಚೇರಿ ಎದುರಿನ ಬೆಂಚಿನಲ್ಲಿ ಕುಳಿತು ಕೆಳಕಂಡಂತೆ ಉತ್ತರಿಸಿರುತ್ತಾರೆ: "ನಾನ್ಯಾಕೆ ತಗೊಂಡು ಹೋಗ್ಲಿ? ಕಾಲೊರಸು ಅಂತ ಮೊಹರು ಹೊಡೆದೋರು ನೀವು, ಒರಸ್ಕೊಳ್ಳಿ. ನನ್ನ ಕಿಟಕಿಗೆ ಬೀದಿಯೋರಷ್ಟೇ ಬರ್ತಿದ್ರು. ನಿಮ್ಮ ಬಾಗಿಲಿಗೆ ಊರೇ ಬರ್ತಿದೆ. ನೆಲ ಕರಗೋವರೆಗೂ ಅವನು ಅಲ್ಲೇ ಇರ್ಲಿ. ರಾತ್ರಿ ಚಳಿ ಜಾಸ್ತಿ ಆದ್ರೆ ಒಂದು ಕಂಬಳಿ ಹೊದಿಸಿ, ಅಷ್ಟು ಮಾಡಿ ಸಾಕು." ಇಷ್ಟು ಹೇಳಿ ಅವರು ಇಲಾಖೆಯ ಮುಖ ನೋಡಿ ನಕ್ಕಿರುತ್ತಾರೆ. ಗಂಡ ತೀರಿಕೊಂಡ ಮೇಲೆ ಅವರು ನಕ್ಕದ್ದು ಅದೇ ಮೊದಲೆಂದು ಪರಿವೀಕ್ಷಕರು ಯಾರೂ ಕೇಳದೆಯೇ ವರದಿ ಮಾಡಿದ್ದಾರೆ.

11. ಆದುದರಿಂದ, ಇಲಾಖೆಯ ಘನತೆಯನ್ನು ಕಾಪಾಡುವ ದೃಷ್ಟಿಯಿಂದ, ದಿನಾಂಕ 15-02-2021ರ ಸೋಮವಾರದಿಂದ ಜಾರಿಗೆ ಬರುವಂತೆ ಎಲ್ಲ ಸಿಬ್ಬಂದಿಗೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ:

(ಅ) ಪ್ರತಿಯೊಬ್ಬರೂ ಮುಖ್ಯದ್ವಾರದಿಂದಲೇ ಬರತಕ್ಕದ್ದು. ಮೊದಲು ಎಡಗಾಲು, ನಂತರ ಬಲಗಾಲನ್ನು ಸದರಿ ಕಾಲೊರಸಿನ ಮೇಲೆ ಒರಸತಕ್ಕದ್ದು.

(ಆ) ಒರಸುವ ಮುನ್ನ ಬೂಟು ಕಳಚತಕ್ಕದ್ದಲ್ಲ. ಸಾಕ್ಸಿನಲ್ಲಿ ಸವರಿದ್ದನ್ನು ಒರಸಿದ್ದೆಂದು ಪರಿಗಣಿಸಲಾಗುವುದಿಲ್ಲ.

(ಇ) ಕಾಲೊರಸನ್ನು ಹಾರಿ ದಾಟತಕ್ಕದ್ದಲ್ಲ.

(ಈ) ಕಾಲೊರಸಿಗೆ ನಮಸ್ಕಾರ ಹೇಳತಕ್ಕದ್ದಲ್ಲ. ಅದರ ಯೋಗಕ್ಷೇಮ ವಿಚಾರಿಸತಕ್ಕದ್ದಲ್ಲ. ಅದರ ಮೀಸೆಯ ಮೇಲೆ ಬಿದ್ದ ಹಿಮವನ್ನು ಕೈಯಿಂದ ಕೊಡವತಕ್ಕದ್ದಲ್ಲ.

(ಉ) ಕಾಲಿಡಲು ಮನಸ್ಸು ಬರುವುದಿಲ್ಲ ಎಂಬ ಕಾರಣವನ್ನು ಒಪ್ಪಲಾಗುವುದಿಲ್ಲ. ಮನಸ್ಸು ಅಗತ್ಯ ವಸ್ತುಗಳಲ್ಲಿ ಸೇರಿರುವುದಿಲ್ಲ.

(ಊ) ಮೇಲ್ಪಂಕ್ತಿ ಹಾಕಿಕೊಡುವ ಸಲುವಾಗಿ ನಿರ್ದೇಶಕರು ಎಲ್ಲರಿಗಿಂತ ಮೊದಲು ಕಾಲಿಡುತ್ತಾರೆ. ಅವರು ಬರುವವರೆಗೆ ಉಳಿದವರು ಕಾಯತಕ್ಕದ್ದು. ಅವರು ಎಷ್ಟು ಹೊತ್ತಿಗೆ ಬರುತ್ತಾರೆಂದು ಯಾರೂ ಕೇಳತಕ್ಕದ್ದಲ್ಲ.

12. ಈ ಸುತ್ತೋಲೆಯನ್ನು ಇಂಗ್ಲಿಷಿನಿಂದ ಫ್ರೆಂಚಿಗೆ ನಿರ್ದೇಶಕರೇ ಭಾಷಾಂತರಿಸಿದ್ದಾರೆ. ಯಾರಾದರೂ ನಕ್ಕಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.

(ಸಹಿ)
ಮರ್ವಿನ್ ಟ್ವೀಡೀ
ನಿರ್ದೇಶಕರು
ಪೇಟೆಬೀದಿ ಶಿಸ್ತು ಮತ್ತು ಅಂಗಡಿ ಮುಂಗಟ್ಟು ಇಲಾಖೆ
(ಅಡುಗೆಕೋಣೆಯ ಕಿಟಕಿಯ ಮೂಲಕ ರವಾನಿಸಲಾಗಿದೆ)

ಪ್ರತಿಗಳು:

1. ಎಲ್ಲ ಸಿಬ್ಬಂದಿಗೆ – ಪಾಲನೆಗಾಗಿ.

2. ಲೆಕ್ಕಪತ್ರ ಶಾಖೆಯ ಮೇಲ್ವಿಚಾರಕಿಯವರಿಗೆ – ಒಳಗಿರುವ ಅರ್ಧಕ್ಕೆ.

3. ಶ್ರೀ ಕ್ಲೋವಿಸ್ ಲಾಂತೇನ್, ಗಾಜು ಪರಿವೀಕ್ಷಕರಿಗೆ – ಸೋಮವಾರದ ರಜೆಯನ್ನು ನಿರಾಕರಿಸಲಾಗಿದೆ ಎಂಬ ಷರಾದೊಂದಿಗೆ. ಅಂದಿಗೆ ನಿರ್ದೇಶಕರು ಈಗಾಗಲೇ ರಜೆ ಪಡೆದಿರುತ್ತಾರೆ.

4. ಕುಮಾರಿ ಯೂಫೇಮಿ ಗೊಗೆನ್ ಅವರಿಗೆ – ಎಚ್ಚರಿಕೆಗಾಗಿ.

5. ಶ್ರೀಮತಿ ಒಡೀಲ್ ಗೊಗೆನ್ ಅವರಿಗೆ, ಎದುರಿನ ಬೆಂಚು – ಕಂಬಳಿ ಹೊದಿಸಲಾಗಿದೆ.

6. ದಿವಂಗತ ಶ್ರೀ ಆಲ್ಫೇ ಗೊಗೆನ್ ಅವರಿಗೆ, ಮುಖ್ಯದ್ವಾರ – ದಯವಿಟ್ಟು ದಾರಿ ಬಿಡಬೇಕಾಗಿ ಕೋರಿಕೆ.